ಎಷ್ಟು ಬೇರು ಕಳಿಸಬೇಕು?

ಔಷಧಿ ಸಸ್ಯಗಳನ್ನು ಕುರಿತ ನಮ್ಮ ಸಂವಾದ ಕಾರ್ಯಕ್ರಮದಲ್ಲಿ ಕೊನೆಯ ದೂರವಾಣಿ ಕರೆ ಬಂದದ್ದು ಶಿಗ್ಗಾಂವಿ ತಾಲ್ಲೂಕಿನ ದುಂಡಸಿಯಿಂದ. ಮಾತನಾಡಿದವರು ನಾಟಿ ವೈದ್ಯರ ಮನೆತನದ ಹಿರಿಯರು. "ನಮ್ಮ ಅಡವ್ಯಾಗ ಒಂದು ಗಿಡ ಐತ್ರೀ. ಅದರ ಬೇರಿನ್ಯಾಗ ಏನೈತಿ ಅಂತ ಪರೀಕ್ಷಾ ಮಾಡಸ್ಬೇಕಂದ್ರ ಎಷ್ಟು ಬೇರು ಕಳಸ್ಬೇಕ್ರೀ? ಒಂದು ಚೀಲ ಸಾಕೋ, ಎರಡು ಬೇಕೋ?" ಎಂದು ಕೇಳಿದರು. ಸ್ವಲ್ಪ ತಡೆದು ಅವರೇ ಮತ್ತೆ, "ಮೊದಲ ಎಲ್ಲಾ ಕಡೆ ಇತ್ತು. ಈಗ ದಿನಾ ಪೂರ್ತಿ ತಿರುಗಿದ್ರ ನಾಕು ಗಿಡ ಸಿಗೋದು ಕಷ್ಟ ಐತಿ" ಎಂದರು.

ಅಷ್ಟರಲ್ಲಿ ನಮ್ಮ ವೇಳೆ ಮುಗಿದಿತ್ತು. "ಚೀಲ ಬೇಡ, ಒಂದು ಹಿಡಿ ಸಾಕು" ಎಂದಷ್ಟೇ ಹೇಳಿ ಕಾರ್ಯಕ್ರಮ ಮುಗಿಸಬೇಕಾಯಿತು. ಮೂವತ್ತು ನಲವತ್ತು ವರ್ಷಗಳ ಹಿಂದೆ ಇದೇ ಪ್ರಶ್ನೆ ಕೇಳಿದ್ದರೆ ಉತ್ತರ ಹೀಗಿರುತ್ತಿರಲಿಲ್ಲ, ಚೀಲವೇ ಬೇಕಾಗುತ್ತಿತ್ತು. ಆ ಚೀಲ ಹೇಗೆ ಹಿಡಿಯಾಯಿತು? ಪರದೆಯ ಮೇಲೆ ಹೇಳಲಾಗದೆ ಉಳಿದದ್ದನ್ನು ಈ ಪುಟಗಳಲ್ಲಿ ವಿವರಿಸುತ್ತೇನೆ. ದುಂಡಸಿಯ ಆ ಹಿರಿಯರಿಗೆ ಮಾತ್ರವಲ್ಲ, ಅತ್ತ ಪೂರ್ತಿ ಮಲೆನಾಡೂ ಅಲ್ಲದ, ಇತ್ತ ಪೂರ್ತಿ ಬಯಲುಸೀಮೆಯೂ ಅಲ್ಲದ ಶಿಗ್ಗಾಂವಿ, ಹಾನಗಲ್ಲ ಕಡೆಯ ಅಡವಿಗಳ ಅಂಚಿನಲ್ಲಿ ವಾಸಿಸುವ ಎಲ್ಲರಿಗೂ ಈ ಲೆಕ್ಕ ಗೊತ್ತಿರುವುದು ಒಳ್ಳೆಯದು.

ಬೇರಿನಲ್ಲಿ ಏನಿದೆ ಎಂದರೆ

ಒಂದು ಬೇರನ್ನು ಜಜ್ಜಿ ಕಷಾಯ ಮಾಡಿದಿರೆಂದುಕೊಳ್ಳಿ. ಆ ಕಷಾಯದಲ್ಲಿ ಇರುವುದು ಒಂದು ವಸ್ತುವಲ್ಲ, ನೂರಾರು. ಸಕ್ಕರೆ, ಅಂಟು, ಒಗರು, ಬಣ್ಣ, ಕಹಿ, ಇವೆಲ್ಲ ಬೇರೆಬೇರೆ ಅಣುಗಳು. ಕಾಯಿಲೆಯ ಮೇಲೆ ಪರಿಣಾಮ ಮಾಡುವುದು ಬಹುಶಃ ಇವುಗಳಲ್ಲಿ ಒಂದೋ ಎರಡೋ. ಅಂಥ ಅಣು ಯಾವುದು ಎಂದು ಹುಡುಕುವುದೇ ನಿಸರ್ಗಜನ್ಯ ವಸ್ತುಗಳ ರಸಾಯನ ವಿಜ್ಞಾನ.

ಈ ಹುಡುಕಾಟಕ್ಕೆ ಎರಡು ಹಂತ. ಮೊದಲನೆಯದು ಬೇರ್ಪಡಿಸುವುದು. ಕ್ರೊಮ್ಯಾಟೊಗ್ರಫಿ ಎಂಬ ವಿಧಾನದಲ್ಲಿ ಕಷಾಯವನ್ನು ನುಣುಪಾದ ಪುಡಿ ತುಂಬಿದ ಕೊಳವೆಯ ಮೂಲಕ ಹರಿಸುತ್ತಾರೆ. ಪುಡಿಗೆ ಹೆಚ್ಚು ಅಂಟಿಕೊಳ್ಳುವ ಅಣು ಹಿಂದೆ ಉಳಿಯುತ್ತದೆ, ಕಡಿಮೆ ಅಂಟಿಕೊಳ್ಳುವುದು ಮುಂದೆ ಓಡುತ್ತದೆ. ಹೀಗೆ ಒಂದೊಂದೇ ವಸ್ತು ಬೇರೆಬೇರೆ ಹೊತ್ತಿಗೆ ಹೊರಬರುತ್ತದೆ. ಎರಡನೆಯ ಹಂತ, ಹಾಗೆ ಬಂದ ಚಿಟಿಕೆ ಪುಡಿಯ ಅಣುವಿನ ರಚನೆ ಏನು ಎಂದು ತಿಳಿಯುವುದು. ಯಾವ ಪರಮಾಣುವಿನ ಪಕ್ಕ ಯಾವುದಿದೆ, ಎಷ್ಟು ಉಂಗುರಗಳಿವೆ, ಯಾವ ಕೊಂಬೆ ಯಾವ ಕಡೆಗೆ ಚಾಚಿದೆ?

ಅಣುವಿನ ತೂಕವನ್ನು ಹೇಳುವ ಉಪಕರಣ ಬೇರೆ ಇದೆ. ಅದಕ್ಕೆ ಬಹಳ ಕಡಿಮೆ ವಸ್ತು ಸಾಕು. ಆದರೆ ತೂಕ ಒಂದೇ ಇದ್ದು ರಚನೆ ಬೇರೆಯಾಗಿರುವ ಅಣುಗಳು ಎಷ್ಟೋ ಇವೆ. ಒಂದೇ ಇಟ್ಟಿಗೆ ರಾಶಿಯಿಂದ ಗುಡಿಯನ್ನೂ ಕಟ್ಟಬಹುದು, ಗೋದಾಮನ್ನೂ ಕಟ್ಟಬಹುದು. ಇಟ್ಟಿಗೆಗಳ ತೂಕದಿಂದ ಕಟ್ಟಡ ಯಾವುದೆಂದು ತಿಳಿಯದು. ಕಟ್ಟಡದ ನಕ್ಷೆಯನ್ನೇ ಬರೆದುಕೊಡಬಲ್ಲ ಉಪಕರಣ ಎನ್‌ಎಂಆರ್, ಅಂದರೆ ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್. ಆಸ್ಪತ್ರೆಗಳಲ್ಲಿ ದೇಹದ ಒಳಗಿನ ಚಿತ್ರ ತೆಗೆಯುವ ಎಂಆರ್‌ಐ ಯಂತ್ರವೂ ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತದೆ.

ಪರಮಾಣುಗಳ ಪಿಸುಮಾತು

ಜಲಜನಕದ ಪರಮಾಣುವಿನ ನ್ಯೂಕ್ಲಿಯಸ್ ಒಂದು ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಅದನ್ನು ಬಲವಾದ ಕಾಂತಕ್ಷೇತ್ರದಲ್ಲಿ ಇಟ್ಟು, ಸರಿಯಾದ ಕಂಪನಾಂಕದ ರೇಡಿಯೊ ತರಂಗವನ್ನು ಕ್ಷಣಕಾಲ ಹಾಯಿಸಿದರೆ ನ್ಯೂಕ್ಲಿಯಸ್ ಅದಕ್ಕೆ ಸ್ಪಂದಿಸುತ್ತದೆ. ತರಂಗ ನಿಂತ ಮೇಲೆ ತಾನೇ ಒಂದು ಕ್ಷೀಣವಾದ ರೇಡಿಯೊ ಸಂಕೇತವನ್ನು ಹೊರಡಿಸುತ್ತದೆ. ಮಾದರಿಯ ಸುತ್ತ ಇರುವ ತಂತಿಯ ಸುರುಳಿ ಈ ಸಂಕೇತವನ್ನು ಹಿಡಿಯುತ್ತದೆ. ಇದನ್ನು 1946ರಲ್ಲಿ ಅಮೆರಿಕದಲ್ಲಿ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಪ್ರತ್ಯೇಕವಾಗಿ ತೋರಿಸಿಕೊಟ್ಟರು. ಅದಕ್ಕಾಗಿ ಇಬ್ಬರಿಗೂ 1952ರಲ್ಲಿ ನೊಬೆಲ್ ಬಹುಮಾನ ಬಂದಿತು.

ರಸಾಯನ ವಿಜ್ಞಾನಿಗೆ ಇದರಿಂದ ಏನು ಉಪಯೋಗ? ಒಂದು ಅಣುವಿನಲ್ಲಿರುವ ಎಲ್ಲ ಜಲಜನಕಗಳೂ ಒಂದೇ ಶ್ರುತಿಯಲ್ಲಿ ಮಾತನಾಡುವುದಿಲ್ಲ. ಆಮ್ಲಜನಕದ ಪಕ್ಕದಲ್ಲಿರುವ ಜಲಜನಕದ ಶ್ರುತಿ ಬೇರೆ, ಇಂಗಾಲದ ಉಂಗುರಕ್ಕೆ ಅಂಟಿದ ಜಲಜನಕದ್ದು ಬೇರೆ. ಅಲ್ಲದೆ ನೆರೆಯಲ್ಲಿ ಎಷ್ಟು ಜಲಜನಕಗಳಿವೆ ಎಂಬುದಕ್ಕೆ ತಕ್ಕಂತೆ ಸಂಕೇತ ಸೀಳಿಕೊಳ್ಳುತ್ತದೆ. ಪಕ್ಕದಲ್ಲಿ ಎರಡಿದ್ದರೆ ಮೂರು ಗೆರೆ, ಮೂರಿದ್ದರೆ ನಾಲ್ಕು ಗೆರೆ. ಸಂಕೇತದ ವಿಸ್ತೀರ್ಣ ನೋಡಿದರೆ ಅಂಥ ಜಲಜನಕಗಳು ಎಷ್ಟು ಎಂಬುದೂ ತಿಳಿಯುತ್ತದೆ. ಊರಿನ ಪ್ರತಿಯೊಬ್ಬರೂ ತಮ್ಮ ಓಣಿ ಯಾವುದು, ನೆರೆಮನೆಯಲ್ಲಿ ಎಷ್ಟು ಜನ ಎಂದು ಹೇಳಿಬಿಟ್ಟರೆ ಊರಿನ ನಕ್ಷೆ ಬರೆಯುವುದು ಕಷ್ಟವಲ್ಲ, ಅಲ್ಲವೇ?

ಈ ಶಾಸ್ತ್ರದ ಬೆಳವಣಿಗೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಾಲು ಸಣ್ಣದಲ್ಲ. ಬ್ಲಾಕ್ ಮತ್ತು ಪರ್ಸೆಲ್ ಅವರ ಶೋಧಕ್ಕೆ ಐದೇ ವರ್ಷವಾಗಿದ್ದಾಗ, 1951ರಲ್ಲಿ, ಅಲ್ಲಿನ ಜಿ. ಸೂರ್ಯನ್ ಅವರು ಹರಿಯುವ ದ್ರವದಲ್ಲಿ ಈ ಸಂಕೇತ ಹೇಗೆ ಬದಲಾಗುತ್ತದೆ ಎಂಬುದನ್ನು ಪ್ರಕಟಿಸಿದರು. ಮಾದರಿಯನ್ನು ಕೊಳವೆಯಲ್ಲಿ ಹರಿಸುತ್ತಲೇ ಪರೀಕ್ಷಿಸುವ ಇಂದಿನ ವಿಧಾನಗಳಿಗೆ ಅದು ಮೊದಲ ಹೆಜ್ಜೆ. ಅದೇ ಸಂಸ್ಥೆಯ ಅನಿಲ್ ಕುಮಾರ್ ಅವರು ಸ್ವಿಟ್ಜರ್ಲೆಂಡಿನ ರಿಚರ್ಡ್ ಅರ್ನ್‌ಸ್ಟ್ ಮತ್ತು ಕುರ್ಟ್ ವ್ಯೂಥ್ರಿಖ್ ಅವರ ಜೊತೆ ಸೇರಿ 1980ರಲ್ಲಿ ಪ್ರಕಟಿಸಿದ ಎರಡು ಆಯಾಮದ ಪ್ರಯೋಗ ಇಂದು ನೋಯ್ಸಿ ಎಂಬ ಹೆಸರಿನಿಂದ ಜಗತ್ತಿನ ಎಲ್ಲ ಎನ್‌ಎಂಆರ್ ಪ್ರಯೋಗಾಲಯಗಳಲ್ಲೂ ಬಳಕೆಯಲ್ಲಿದೆ. ಬಂಧದಿಂದ ಜೋಡಣೆಯಾಗಿರದಿದ್ದರೂ ಜಾಗದಲ್ಲಿ ಹತ್ತಿರ ಇರುವ ಎರಡು ಜಲಜನಕಗಳನ್ನು ಅದು ತೋರಿಸಿಕೊಡುತ್ತದೆ. ಅಣುವಿನ ಕೊಂಬೆಗಳು ಯಾವ ಕಡೆಗೆ ಚಾಚಿವೆ ಎಂದು ತಿಳಿಯಲು ಇದಕ್ಕಿಂತ ಹೆಚ್ಚು ಬಳಕೆಯ ಸಾಧನ ಇಲ್ಲವೆಂದೇ ಹೇಳಬಹುದು.

ಕೇಳಿಸಿಕೊಳ್ಳುವ ಕಷ್ಟ

ಇಷ್ಟೆಲ್ಲ ಹೇಳುವ ಎನ್‌ಎಂಆರ್‌ಗೆ ಒಂದು ದೊಡ್ಡ ಕೊರತೆಯಿದೆ. ಅದರ ಸಂಕೇತ ತೀರಾ ಕ್ಷೀಣ. ಜಲಜನಕಕ್ಕೆ 600 ಮೆಗಾಹರ್ಟ್ಸ್ ಕಂಪನಾಂಕ ಕೊಡುವ ಯಂತ್ರದ ಕಾಂತಕ್ಷೇತ್ರ 14 ಟೆಸ್ಲಾ, ಅಂದರೆ ದಿಕ್ಸೂಚಿಯನ್ನು ತಿರುಗಿಸುವ ಭೂಮಿಯ ಕಾಂತಕ್ಷೇತ್ರದ ಮೂರು ಲಕ್ಷ ಪಟ್ಟಿಗೂ ಹೆಚ್ಚು. ಇಷ್ಟು ಬಲವಿದ್ದರೂ ನ್ಯೂಕ್ಲಿಯಸ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧ ಒಂದು ದಿಕ್ಕಿಗೆ, ಅರ್ಧ ಅದರ ಎದುರು ದಿಕ್ಕಿಗೆ ನಿಂತು ಒಂದರ ಸದ್ದನ್ನು ಇನ್ನೊಂದು ಅಳಿಸಿಹಾಕುತ್ತವೆ. ಹತ್ತು ಲಕ್ಷದಲ್ಲಿ ಸುಮಾರು 50 ಮಾತ್ರ ಹೆಚ್ಚುವರಿಯಾಗಿ ಉಳಿಯುತ್ತವೆ. ನಮಗೆ ಕೇಳಿಸುವುದು ಆ 50ರ ಪಿಸುಮಾತು. ಇಂಗಾಲದ ವಿಷಯದಲ್ಲಿ ಕಷ್ಟ ಇನ್ನೂ ಹೆಚ್ಚು. ನಿಸರ್ಗದಲ್ಲಿರುವ ಇಂಗಾಲದಲ್ಲಿ ಎನ್‌ಎಂಆರ್‌ಗೆ ಓಗೊಡುವ ಬಗೆ, ಅಂದರೆ ಇಂಗಾಲ 13, ಇರುವುದು ನೂರಕ್ಕೆ ಒಂದರಷ್ಟು.

ಪಿಸುಮಾತು ಕೇಳಿಸದಿದ್ದರೆ ನಾವೇನು ಮಾಡುತ್ತೇವೆ? ಮತ್ತೊಮ್ಮೆ ಹೇಳಿ ಎನ್ನುತ್ತೇವೆ. ವಿಜ್ಞಾನಿಯೂ ಹಾಗೆಯೇ ಪ್ರಯೋಗವನ್ನು ಸಾವಿರಾರು ಸಲ ಮಾಡಿ ಎಲ್ಲವನ್ನೂ ಕೂಡಿಸುತ್ತಾನೆ. ಸಂಕೇತ ಪ್ರತಿ ಸಲವೂ ಅದೇ ಜಾಗದಲ್ಲಿ ಬಿದ್ದು ಬೆಳೆಯುತ್ತದೆ. ಉಪಕರಣದ ಗದ್ದಲ ಮಾತ್ರ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಆಗುವುದರಿಂದ ಅಷ್ಟು ಬೇಗ ಬೆಳೆಯುವುದಿಲ್ಲ. ಆದರೆ ಇಲ್ಲೊಂದು ನಿಯಮವಿದೆ. ಸ್ಪಷ್ಟತೆ ಎರಡು ಪಟ್ಟಾಗಬೇಕಾದರೆ ನಾಲ್ಕು ಪಟ್ಟು ಸಲ ಕೇಳಬೇಕು. ಹತ್ತು ಪಟ್ಟಾಗಬೇಕಾದರೆ ನೂರು ಪಟ್ಟು ಸಲ.

ಈಗ ಲೆಕ್ಕ ನೋಡಿ. 10 ಮಿಲಿಗ್ರಾಂ ವಸ್ತು ಇದ್ದಾಗ ಒಂದು ಪ್ರಯೋಗಕ್ಕೆ ಒಂದು ಗಂಟೆ ಸಾಕು ಎಂದಿಟ್ಟುಕೊಳ್ಳೋಣ. ಅದೇ ಯಂತ್ರದಲ್ಲಿ 1 ಮಿಲಿಗ್ರಾಂ ಇಟ್ಟರೆ ಅಷ್ಟೇ ಸ್ಪಷ್ಟತೆಗೆ 100 ಗಂಟೆ, ಅಂದರೆ ನಾಲ್ಕು ದಿನಕ್ಕಿಂತ ಸ್ವಲ್ಪ ಹೆಚ್ಚು. 0.1 ಮಿಲಿಗ್ರಾಂ ಇಟ್ಟರೆ 10,000 ಗಂಟೆ, ಒಂದು ವರ್ಷಕ್ಕೂ ಮಿಕ್ಕಿ. ಒಂದು ಅಣುವಿಗಾಗಿ ಯಂತ್ರವನ್ನು ಒಂದು ವರ್ಷ ಯಾರೂ ಬಿಟ್ಟುಕೊಡುವುದಿಲ್ಲ. ಆದ್ದರಿಂದಲೇ ಹಿಂದೆ ವಿಜ್ಞಾನಿಗಳು "ಇನ್ನಷ್ಟು ಬೇರು ತನ್ನಿ" ಎನ್ನುತ್ತಿದ್ದರು. ಅಡವಿಯಿಂದ ಚೀಲಗಟ್ಟಲೆ ಬೇರು, ತೊಗಟೆ ಪ್ರಯೋಗಾಲಯಕ್ಕೆ ಹೋಗುತ್ತಿದ್ದುದಕ್ಕೆ ಇದು ಒಂದು ಮುಖ್ಯ ಕಾರಣ.

ಕಿರಿದಾದ ನಳಿಕೆ

ಪರಿಹಾರ ಹೊಳೆದದ್ದು ಬಹಳ ಸರಳವಾದ ಒಂದು ಸಂಗತಿಯಿಂದ. ಪಿಸುಮಾತು ಕೇಳಬೇಕಾದರೆ ಕಿವಿಯನ್ನು ಬಾಯಿಯ ಹತ್ತಿರ ತರಬೇಕು.

ಎನ್‌ಎಂಆರ್‌ನಲ್ಲಿ ಮಾಮೂಲಿಯಾಗಿ ಬಳಸುವ ಗಾಜಿನ ನಳಿಕೆಯ ಹೊರ ಅಡ್ಡಳತೆ 5 ಮಿಲಿಮೀಟರ್. ಅದಕ್ಕೆ 500ರಿಂದ 600 ಮೈಕ್ರೊಲೀಟರ್ ದ್ರಾವಣ ಬೇಕು, ಅಂದರೆ ಅರ್ಧ ಮಿಲಿಲೀಟರಿಗಿಂತ ತುಸು ಹೆಚ್ಚು. ಅಲ್ಪ ವಸ್ತುವನ್ನು ಅಷ್ಟು ದ್ರಾವಕದಲ್ಲಿ ಕರಗಿಸುವುದು ಚಿಟಿಕೆ ಉಪ್ಪನ್ನು ಕೊಡದ ನೀರಿಗೆ ಹಾಕಿದಂತೆ. ಅದರ ಬದಲು 3 ಮಿಲಿಮೀಟರ್ ನಳಿಕೆ ಬಳಸಿದರೆ 200 ಮೈಕ್ರೊಲೀಟರಿನೊಳಗೆ ಕೆಲಸವಾಗುತ್ತದೆ. 1.7 ಮಿಲಿಮೀಟರ್ ನಳಿಕೆಗೆ 30ರಿಂದ 40 ಮೈಕ್ರೊಲೀಟರ್, ಅಂದರೆ ಒಂದು ಹನಿ ಸಾಕು. 1 ಮಿಲಿಮೀಟರ್ ನಳಿಕೆಗೆ ಇನ್ನೂ ಕಡಿಮೆ, 10 ಮೈಕ್ರೊಲೀಟರಿನ ಆಸುಪಾಸು.

ನಳಿಕೆಯೊಂದನ್ನೇ ಕಿರಿದು ಮಾಡಿದರೆ ಸಾಲದು. ಅದರ ಸುತ್ತಲಿನ ತಂತಿಯ ಸುರುಳಿಯೂ ಕಿರಿದಾಗಿ ಮಾದರಿಗೆ ಮೈತಾಗಿಸಿಕೊಂಡಿರಬೇಕು. ಅಷ್ಟೇ ವಸ್ತುವಿನಿಂದ ಸುರುಳಿಗೆ ಸಿಗುವ ಸಂಕೇತ, ಹೆಚ್ಚುಕಡಿಮೆ, ಸುರುಳಿಯ ಅಡ್ಡಳತೆ ಕಡಿಮೆಯಾದಷ್ಟೂ ಹೆಚ್ಚುತ್ತದೆ. ಸುರುಳಿ ಮೂರನೆಯ ಒಂದು ಭಾಗವಾದರೆ ಸಂಕೇತದ ಸ್ಪಷ್ಟತೆ ಮೂರು ಪಟ್ಟು. ಮೂರು ಪಟ್ಟು ಎಂದರೆ ಕಡಿಮೆ ಎನಿಸಬಹುದು. ಆದರೆ ಈಗಷ್ಟೇ ನೋಡಿದ ನಿಯಮವನ್ನು ನೆನೆಯಿರಿ. ಸ್ಪಷ್ಟತೆ ಮೂರು ಪಟ್ಟಾದರೆ ತಗಲುವ ಕಾಲ ಒಂಬತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಕಡಿಮೆ ದ್ರಾವಕದಿಂದ ಇನ್ನೊಂದು ಲಾಭವೂ ಇದೆ. ಎಷ್ಟೇ ಶುದ್ಧ ದ್ರಾವಕವಾದರೂ ಅದರಲ್ಲಿ ಸ್ವಲ್ಪ ನೀರು, ಸ್ವಲ್ಪ ಕಲ್ಮಶ ಇದ್ದೇ ಇರುತ್ತದೆ. ಪರೀಕ್ಷಿಸುವ ವಸ್ತು ತೀರಾ ಅಲ್ಪವಿದ್ದಾಗ ಈ ಕಲ್ಮಶದ ಸಂಕೇತವೇ ಅದನ್ನು ಮುಚ್ಚಿಬಿಡುತ್ತದೆ. ದ್ರಾವಕ ಕಡಿಮೆಯಾದರೆ ಕಲ್ಮಶವೂ ಕಡಿಮೆ.

ಈ ದಾರಿಯಲ್ಲಿ ಬಹಳ ದೂರ ಹೋದವರು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು. ಸಪೂರವಾದ ಗಾಜಿನ ಕೊಳವೆಯ ಮೇಲೆ ಅತಿ ತೆಳುವಾದ ತಾಮ್ರದ ತಂತಿಯನ್ನು ಸುತ್ತಿ, ನ್ಯಾನೊಲೀಟರ್ ಅಳತೆಯ ದ್ರಾವಣದಿಂದ ಸ್ಪಷ್ಟವಾದ ಎನ್‌ಎಂಆರ್ ರೋಹಿತ ಪಡೆಯಬಹುದೆಂದು ಅವರು 1995ರಲ್ಲಿ ತೋರಿಸಿದರು. ನ್ಯಾನೊಲೀಟರ್ ಎಂದರೆ ಮೈಕ್ರೊಲೀಟರಿನ ಸಾವಿರದ ಒಂದು ಭಾಗ. ಅವರಿಗೆ ಎದುರಾದ ತೊಡಕು ಕುತೂಹಲದ್ದು. ತಂತಿಯನ್ನು ಮಾದರಿಗೆ ತೀರಾ ಹತ್ತಿರ ತಂದಾಗ ತಾಮ್ರವೇ ಕಾಂತಕ್ಷೇತ್ರವನ್ನು ಕದಡಿ ರೋಹಿತದ ಗೆರೆಗಳು ಅಗಲವಾಗಿಬಿಡುತ್ತವೆ. ಕಾಂತಗುಣದಲ್ಲಿ ತಾಮ್ರಕ್ಕೆ ಹತ್ತಿರವಾದ ಒಂದು ದ್ರವದಲ್ಲಿ ಇಡೀ ಸುರುಳಿಯನ್ನು ಮುಳುಗಿಸಿ ಅವರು ಈ ತೊಡಕನ್ನು ಬಿಡಿಸಿಕೊಂಡರು. ತಂತಿಗೂ ಸುತ್ತಲಿನ ದ್ರವಕ್ಕೂ ಕಾಂತಗುಣದಲ್ಲಿ ವ್ಯತ್ಯಾಸ ಉಳಿಯದಿದ್ದಾಗ ಕ್ಷೇತ್ರವೂ ಕದಡುವುದಿಲ್ಲ.

ಮುಂದೆ ಇನ್ನೊಂದು ಉಪಾಯ ಇದಕ್ಕೆ ಜೊತೆಗೂಡಿತು. ಗದ್ದಲಕ್ಕೆ ಮುಖ್ಯ ಕಾರಣ ಸುರುಳಿಯ ಶಾಖ. ಆದ್ದರಿಂದ ಸುರುಳಿಯನ್ನು ಸೊನ್ನೆಗಿಂತ ಸುಮಾರು 250 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ತಂಪು ಮಾಡುತ್ತಾರೆ. ಮಾದರಿ ಮಾತ್ರ ಕೋಣೆಯ ಉಷ್ಣತೆಯಲ್ಲೇ ಇರುತ್ತದೆ. ಇದರಿಂದ ಸ್ಪಷ್ಟತೆ ಮೂರರಿಂದ ನಾಲ್ಕು ಪಟ್ಟು ಹೆಚ್ಚುತ್ತದೆ. ಎರಡೂ ಉಪಾಯಗಳನ್ನು ಸೇರಿಸಿ ಹಿಂದಿನ ಲೆಕ್ಕಕ್ಕೆ ಹಚ್ಚಿ ನೋಡಿ. 10,000 ಗಂಟೆಯನ್ನು ಮೊದಲು 9ರಿಂದ, ಆಮೇಲೆ 16ರಿಂದ ಭಾಗಿಸಿದರೆ ಉಳಿಯುವುದು ಸುಮಾರು 70 ಗಂಟೆ. ವರ್ಷದ ಕೆಲಸ ಮೂರು ದಿನಕ್ಕೆ ಬಂತು.

ಇದು ಬರೀ ಕಾಗದದ ಲೆಕ್ಕವಲ್ಲ. ಅಮೆರಿಕದ ರಸಾಯನ ವಿಜ್ಞಾನಿ ಟಡೆಯುಸ್ ಮೊಲಿನ್‌ಸ್ಕಿ ಮತ್ತು ಅವರ ಸಂಗಡಿಗರು 2009ರಲ್ಲಿ, ತಂಪು ಮಾಡಿದ 1.7 ಮಿಲಿಮೀಟರ್ ಸುರುಳಿಯನ್ನು ಬಳಸಿ, ಸಮುದ್ರದ ಸ್ಪಂಜಿನಿಂದ ದೊರೆತ ಹೊಸ ವಸ್ತುವೊಂದರ ರಚನೆಯನ್ನು ವಿವರಿಸಿದರು. ಅವರ ಕೈಯಲ್ಲಿದ್ದ ಒಟ್ಟು ವಸ್ತು 16.5 ಮೈಕ್ರೊಗ್ರಾಂ. ಒಂದು ಮೈಕ್ರೊಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಭಾಗ. ಅಷ್ಟು ವಸ್ತು ಪಾತ್ರೆಯ ತಳದಲ್ಲಿದ್ದರೆ ಕಣ್ಣಿಗೆ ಕಾಣುವುದೂ ಕಷ್ಟ.

ಚೀಲದ ಲೆಕ್ಕ

ಈಗ ದುಂಡಸಿಯ ಪ್ರಶ್ನೆಗೆ ಬರೋಣ. ಒಂದು ಬೇರಿನಲ್ಲಿ ನಾವು ಹುಡುಕುವ ವಸ್ತು, ಒಣ ತೂಕದಲ್ಲಿ, ಹತ್ತು ಲಕ್ಷಕ್ಕೆ ಒಂದು ಪಾಲು ಇದೆ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಒಂದು ಕಿಲೋ ಒಣಬೇರಿನಲ್ಲಿ 1 ಮಿಲಿಗ್ರಾಂ ಇದ್ದಂತಾಯಿತು. ಹಳೆಯ ರೀತಿಯಲ್ಲಿ 10 ಮಿಲಿಗ್ರಾಂ ಬೇಕೆಂದರೆ 10 ಕಿಲೋ ಒಣಬೇರು ಬೇಕು. ಬೇರ್ಪಡಿಸುವಾಗ ಅರ್ಧ ನಷ್ಟವಾಗುತ್ತದೆ ಎಂದರೆ 20 ಕಿಲೋ. ಹಸಿಬೇರಿನ ಲೆಕ್ಕದಲ್ಲಿ ಅದು ಇನ್ನೂ ಹೆಚ್ಚು. ಚೀಲ ತುಂಬಿತಲ್ಲ! ಅಷ್ಟು ಬೇರಿಗಾಗಿ ಎಷ್ಟು ಗಿಡ ಕೀಳಬೇಕು ಎಂಬುದನ್ನು ಅಡವಿ ಬಲ್ಲವರೇ ಹೇಳಬೇಕು.

ಹೊಸ ರೀತಿಯಲ್ಲಿ 50 ಮೈಕ್ರೊಗ್ರಾಂ ಸಾಕೆಂದರೆ 50 ಗ್ರಾಂ ಒಣಬೇರು. ನಷ್ಟವನ್ನೂ ಸೇರಿಸಿ 100 ಗ್ರಾಂ. ಒಂದು ಗಿಡವನ್ನೂ ಸಾಯಿಸದೆ, ನಾಲ್ಕಾರು ಗಿಡಗಳ ಪಕ್ಕದ ಬೇರನ್ನು ಸ್ವಲ್ಪ ಸ್ವಲ್ಪ ತೆಗೆದು ಇಷ್ಟನ್ನು ಕೂಡಿಸಬಹುದು. "ಒಂದು ಹಿಡಿ ಸಾಕು" ಎಂದು ಅಂದು ಹೇಳಿದ್ದು ಈ ಲೆಕ್ಕದ ಮೇಲೆ.

ದುರ್ವಾಸನೆ ಮರದ ಕತೆ

ದುಂಡಸಿಯಿಂದ ಪಶ್ಚಿಮಕ್ಕೆ ಹೋದಂತೆ ಅಡವಿ ದಟ್ಟವಾಗುತ್ತದೆ. ಅಲ್ಲಿಂದ ಮುಂದೆ ಸಹ್ಯಾದ್ರಿಯ ಕಾಡುಗಳಲ್ಲಿ ಒಂದು ಸಣ್ಣ ಮರವಿದೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ನಾಥಪೊಡೈಟಿಸ್ ನಿಮ್ಮೋನಿಯಾನ, ಹಿಂದಿನ ಹೆಸರು ಮ್ಯಾಪಿಯ ಫೀಟಿಡ. ಹೂವಿನ ಕೆಟ್ಟ ವಾಸನೆಯಿಂದಾಗಿ ಕನ್ನಡದಲ್ಲಿ ಅದಕ್ಕೆ ದುರ್ವಾಸನೆ ಮರ ಎಂಬ ಹೆಸರುಂಟು. ಅಣುವಿನ ರಚನೆ ತಿಳಿಯುವುದರಿಂದ ಒಂದು ಮರಕ್ಕೆ ಏನೇನಾಗಬಹುದು ಎಂಬುದಕ್ಕೆ ಇದರ ಕತೆ ಒಳ್ಳೆಯ ಉದಾಹರಣೆ.

ಚೀನಾ ಮೂಲದ ಕ್ಯಾಂಪ್ಟೊಥೆಕ ಎಂಬ ಮರದಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಅಮೆರಿಕದಲ್ಲಿ ಮನ್ರೋ ವಾಲ್ ಮತ್ತು ಭಾರತದಿಂದ ಅಲ್ಲಿಗೆ ಹೋಗಿದ್ದ ಮನ್ಸುಖ್ ವಾಣಿ 1966ರಲ್ಲಿ ವರದಿ ಮಾಡಿದರು. ಅದು ಕ್ಯಾನ್ಸರ್ ಗಡ್ಡೆಗಳ ಬೆಳವಣಿಗೆಯನ್ನು ತಡೆಯುತ್ತಿತ್ತು. 1972ರಲ್ಲಿ ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅದೇ ವಸ್ತು ನಮ್ಮ ದುರ್ವಾಸನೆ ಮರದಲ್ಲಿಯೂ ಇದೆ ಎಂದು ಪ್ರಕಟಿಸಿದರು. ಅದರ ಜೊತೆಗೆ ಮಿಥಾಕ್ಸಿ ಕ್ಯಾಂಪ್ಟೊಥೆಸಿನ್ ಎಂಬ ಇನ್ನೊಂದು ವಸ್ತುವೂ ಸಿಕ್ಕಿತ್ತು.

ಕ್ಯಾಂಪ್ಟೊಥೆಸಿನ್ ಅಣುವಿನಲ್ಲಿ ಇಂಗಾಲ 20, ಜಲಜನಕ 16, ಸಾರಜನಕ 2, ಆಮ್ಲಜನಕ 4. ಐದು ಉಂಗುರಗಳು ಒಂದಕ್ಕೊಂದು ಕೂಡಿಕೊಂಡಿವೆ. ಎನ್‌ಎಂಆರ್ ರೋಹಿತದಲ್ಲಿ ಈ 16 ಜಲಜನಕಗಳೂ ತಮ್ಮ ತಮ್ಮ ಜಾಗ ಹೇಳಿಕೊಳ್ಳುತ್ತವೆ. ಒಂದು ತುದಿಯಲ್ಲಿ ಮೂರು ಜಲಜನಕಗಳ ಒಂದು ಗುಂಪು ಮೂರು ಗೆರೆಗಳಾಗಿ ಕಾಣುತ್ತದೆ. ಪಕ್ಕದ ಇಂಗಾಲದ ಮೇಲೆ ಎರಡು ಜಲಜನಕಗಳಿವೆ ಎಂದು ಇದರ ಅರ್ಥ. ಮಿಥಾಕ್ಸಿ ಬಗೆಯಲ್ಲಾದರೆ ಉಂಗುರದ ಒಂದು ಜಲಜನಕದ ಸಂಕೇತ ಮಾಯವಾಗಿ, ಮೂರು ಜಲಜನಕಗಳ ಹೊಸದೊಂದು ಗೆರೆ ಬೇರೆ ಕಡೆ ಮೂಡುತ್ತದೆ. ಆ ಗುಂಪು ಉಂಗುರದ ಯಾವ ಮೂಲೆಗೆ ಅಂಟಿದೆ ಎಂದು ಬರೀ ತೂಕ ಹೇಳಲಾರದು, ಎನ್‌ಎಂಆರ್ ಹೇಳುತ್ತದೆ.

ಕ್ಯಾಂಪ್ಟೊಥೆಸಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ದೇಹಕ್ಕೆ ವಿಷವೂ ಹೌದು. ಹಾಗಾಗಿ ಅದೇ ನೇರವಾಗಿ ಔಷಧವಾಗಲಿಲ್ಲ. ರಚನೆ ಗೊತ್ತಿದ್ದುದರಿಂದ ವಿಜ್ಞಾನಿಗಳು ಅದರ ಒಂದೊಂದು ಮೂಲೆಯನ್ನು ಬದಲಿಸಿ ನೋಡಿದರು. ಹಾಗೆ ಹುಟ್ಟಿದ ಟೊಪೊಟೆಕಾನ್ ಮತ್ತು ಇರಿನೊಟೆಕಾನ್ ಎಂಬ ಎರಡು ಔಷಧಿಗಳಿಗೆ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇಂದು ಅಂಡಾಶಯದ ಮತ್ತು ದೊಡ್ಡ ಕರುಳಿನ ಕ್ಯಾನ್ಸರಿಗೆ ಅವುಗಳ ಬಳಕೆಯಿದೆ.

ರೋಗಿಗಳಿಗೆ ಇದು ಒಳ್ಳೆಯ ಸುದ್ದಿ, ಮರಕ್ಕಲ್ಲ. ಮೂಲವಸ್ತುವಿಗಾಗಿ ಸಹ್ಯಾದ್ರಿಯ ದುರ್ವಾಸನೆ ಮರಗಳನ್ನು ಕಡಿದು ಸಾಗಿಸತೊಡಗಿದರು. ಯಾವ ಕಡೆಯ ಮರಗಳಲ್ಲಿ ಈ ವಸ್ತು ಎಷ್ಟಿದೆ, ಕಡಿಯದೆ ಪಡೆಯಲು ಏನು ದಾರಿ ಎಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು ಶಿರಸಿಯ ಅರಣ್ಯ ಮಹಾವಿದ್ಯಾಲಯದ ಸಂಶೋಧಕರು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. 2005ರಲ್ಲಿ ಜಮ್ಮುವಿನ ಸಂಶೋಧಕರು ಈ ಮರದ ಒಳಗೇ ವಾಸಿಸುವ ಒಂದು ಬಗೆಯ ಶಿಲೀಂಧ್ರವೂ ಕ್ಯಾಂಪ್ಟೊಥೆಸಿನ್ ತಯಾರಿಸುತ್ತದೆ ಎಂದು ವರದಿ ಮಾಡಿದರು. ಮರದ ಬದಲು ಬೂಷ್ಟನ್ನು ಬೆಳೆಸಬಹುದೇ ಎಂಬ ಆಸೆ ಮೂಡಿತು. ಆದರೆ ಪ್ರಯೋಗಾಲಯದಲ್ಲಿ ತಲೆಮಾರಿನಿಂದ ತಲೆಮಾರಿಗೆ ಶಿಲೀಂಧ್ರದ ಈ ಶಕ್ತಿ ಕುಗ್ಗುತ್ತ ಹೋಗುತ್ತದೆ ಎಂಬುದನ್ನು ಬೆಂಗಳೂರಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದರು.

ಇಂಥ ಕೆಲಸದಲ್ಲಿ ಕಿರುನಳಿಕೆಯ ಎನ್‌ಎಂಆರ್‌ಗೆ ಬೆಲೆ ಬರುತ್ತದೆ. ಗುರುತು ಸಿಕ್ಕಿರುವ ವಸ್ತು ಎಷ್ಟಿದೆ ಎಂದು ಅಳೆಯಲು ಕ್ರೊಮ್ಯಾಟೊಗ್ರಫಿ ಸಾಕು. ಆದರೆ ಪುಟ್ಟ ಬಟ್ಟಲಿನಲ್ಲಿ ಬೆಳೆಸಿದ ಶಿಲೀಂಧ್ರದಿಂದ ಅಥವಾ ಒಂದೆರಡು ಎಲೆಯಿಂದ ಹೊಸ ವಸ್ತು ಕೆಲವೇ ಮೈಕ್ರೊಗ್ರಾಂ ಸಿಕ್ಕಿದಾಗ, ಅದು ನಿಜವಾಗಿ ಏನು ಎಂದು ಖಚಿತವಾಗಿ ಹೇಳುವವರು ಯಾರು? ಸಿಕ್ಕಿದ್ದು ಹಳೆಯದೇ ಆಗಿದ್ದರೆ ಅದನ್ನೂ ಮೊದಲೇ ಕಂಡುಕೊಂಡು ವೃಥಾ ಶ್ರಮ ಉಳಿಸಬಹುದು.

ಔಷಧಿಯ ದಾರಿ ಇನ್ನೂ ದೂರ

ಇಷ್ಟು ಓದಿದ ಮೇಲೆ, ಹಿಡಿ ಬೇರು ಕಳಿಸಿದರೆ ಔಷಧಿ ಸಿಕ್ಕಿಬಿಡುತ್ತದೆ ಎಂದು ನೀವು ತಿಳಿಯಬಾರದು. ಮೂರು ಮಾತುಗಳನ್ನು ನೆನಪಿನಲ್ಲಿಡಬೇಕು.

ಮೊದಲನೆಯದು, ಎನ್‌ಎಂಆರ್ ಅಣುವಿನ ರಚನೆಯನ್ನು ಹೇಳುತ್ತದೆ, ಗುಣವನ್ನಲ್ಲ. ಗುಣವಿದೆಯೇ, ವಿಷವಿದೆಯೇ ಎಂಬುದಕ್ಕೆ ಜೀವಕೋಶಗಳ ಮೇಲೆ, ಪ್ರಾಣಿಗಳ ಮೇಲೆ, ಕೊನೆಗೆ ಮನುಷ್ಯರ ಮೇಲೆ ವರ್ಷಗಟ್ಟಲೆ ಪರೀಕ್ಷೆ ಆಗಬೇಕು. ಈ ದಾರಿಯಲ್ಲಿಯೂ ಎನ್‌ಎಂಆರ್ ನೆರವಿಗೆ ಬರುತ್ತದೆ. ರೋಗಕ್ಕೆ ಸಂಬಂಧಿಸಿದ ಪ್ರೋಟೀನಿಗೆ ಒಂದು ಸಣ್ಣ ಅಣು ಅಂಟಿಕೊಳ್ಳುತ್ತದೆಯೇ, ಎಲ್ಲಿ ಅಂಟಿಕೊಳ್ಳುತ್ತದೆ ಎಂದು ಅದರಿಂದ ನೋಡಬಹುದು. ಅಮೆರಿಕದಲ್ಲಿ ಸ್ಟೀಫನ್ ಫೆಸಿಕ್ ಮತ್ತು ಸಂಗಡಿಗರು 1996ರಲ್ಲಿ ಈ ವಿಧಾನವನ್ನು ಪ್ರಕಟಿಸಿದ ಮೇಲೆ ಔಷಧಿ ಸಂಶೋಧನೆಯಲ್ಲಿ ಅದು ಬಳಕೆಗೆ ಬಂದಿತು. ಪ್ರೋಟೀನ್ ತಯಾರಿಸುವುದು ದುಬಾರಿಯಾದ್ದರಿಂದ ಅಲ್ಲಿಯೂ ಕಿರಿದಾದ ನಳಿಕೆ ಉಪಯೋಗಕ್ಕೆ ಬರುತ್ತದೆ.

ಎರಡನೆಯದು, ಅಲ್ಪ ವಸ್ತುವಿನಿಂದ ಪಡೆದ ಉತ್ತರದಲ್ಲಿ ತಪ್ಪೂ ಇರಬಹುದು. ಮೊಲಿನ್‌ಸ್ಕಿ ಅವರ ತಂಡವೇ 2009ರಲ್ಲಿ ಅದೇ ಬಗೆಯ ಸ್ಪಂಜಿನಿಂದ ಮ್ಯುರೊನೊಲೈಡ್ ಎಂಬ ವಸ್ತುವನ್ನು 90 ಮೈಕ್ರೊಗ್ರಾಮಿನಿಂದ ವಿವರಿಸಿತ್ತು. 2015ರಲ್ಲಿ ಬೇರೆ ವಿಜ್ಞಾನಿಗಳು ಆ ಅಣುವನ್ನು ಪ್ರಯೋಗಾಲಯದಲ್ಲಿ ಕಟ್ಟಿ ನೋಡಿದಾಗ ಮೊದಲು ಹೇಳಿದ ರಚನೆಯನ್ನು ತಿದ್ದಬೇಕಾಯಿತು. ಇದರಿಂದ ವಿಧಾನ ಕೆಟ್ಟದ್ದು ಎಂದಾಗುವುದಿಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಪರೀಕ್ಷಿಸಿ ತಿದ್ದುವುದೇ ವಿಜ್ಞಾನದ ರೀತಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಪ್ರಶ್ನೆ ಕೇಳಲು ಹಿಡಿ ಬೇರು ಸಾಕು. ಆದರೆ ಉತ್ತರ ಹೌದು ಎಂದು ಬಂದರೆ, ಔಷಧಿಯನ್ನು ಜನರಿಗೆ ಒದಗಿಸಲು ಟನ್‌ಗಟ್ಟಲೆ ಬೇಕಾಗಬಹುದು. ದುರ್ವಾಸನೆ ಮರಕ್ಕೆ ಆದದ್ದು ಇದೇ. ಕಿರುನಳಿಕೆ ಆ ಸಂಕಷ್ಟವನ್ನು ತಡೆಯಲಾರದು. ಅದಕ್ಕೆ ಗಿಡವನ್ನು ತೋಟದಲ್ಲಿ ಬೆಳೆಸುವುದೋ, ಅಣುವನ್ನು ಕಾರ್ಖಾನೆಯಲ್ಲಿ ಕಟ್ಟುವುದೋ ಆಗಬೇಕು. ಆದರೂ ಒಂದು ವ್ಯತ್ಯಾಸವಿದೆ. ಪರೀಕ್ಷೆಗೆ ಹೋದ ನೂರು ಗಿಡಗಳಲ್ಲಿ ಬಹುಪಾಲಿಗೆ ಉತ್ತರ ಇಲ್ಲ ಎಂದೇ ಬರುತ್ತದೆ. ಬರೀ ಇಲ್ಲ ಎನ್ನಿಸಿಕೊಳ್ಳುವುದಕ್ಕಾಗಿ ಅಡವಿಯ ಕೊನೆಯ ನಾಲ್ಕು ಗಿಡಗಳನ್ನು ಕೀಳಬೇಕಾಗಿಲ್ಲ. ಈ ವಿಧಾನದ ನಿಜವಾದ ಉಪಕಾರ ಇದು.

ದುಂಡಸಿಯ ಹಿರಿಯರಿಗೆ

ಈಗ ನಿಮಗೆ ನೇರವಾಗಿ ಉತ್ತರ ಹೇಳುತ್ತೇನೆ. ಮೊದಲು ಗಿಡ ಕೀಳಬೇಡಿ. ಎಲೆ, ಹೂವು, ಕಾಯಿ ಇರುವ ಒಂದು ಸಣ್ಣ ರೆಂಬೆಯನ್ನು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಇಟ್ಟು, ಮೇಲೆ ಭಾರ ಹೇರಿ ಒಣಗಿಸಿ. ಎಲ್ಲಿ ಸಿಕ್ಕಿತು, ಯಾವ ದಿನ, ನೀವು ಕರೆಯುವ ಹೆಸರೇನು ಎಂದು ಬರೆದಿಡಿ. ಸಸ್ಯಶಾಸ್ತ್ರ ಬಲ್ಲವರಿಂದ ಗಿಡದ ಗುರುತು ಖಚಿತವಾಗದೆ ರಸಾಯನದ ಪರೀಕ್ಷೆಗೆ ಅರ್ಥವಿಲ್ಲ. ಎಷ್ಟೋ ಸಲ ಆ ಗಿಡವನ್ನು ಹಿಂದೆಯೇ ಪರೀಕ್ಷಿಸಿರುತ್ತಾರೆ. ಆಗ ಹಿಡಿ ಬೇರೂ ಬೇಕಾಗುವುದಿಲ್ಲ.

ಅಡವಿ ಮೀಸಲು ಅರಣ್ಯವಾಗಿದ್ದರೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪಂಚಾಯತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರಗಳ ಮತ್ತು ಅವುಗಳನ್ನು ಕುರಿತ ತಿಳಿವಳಿಕೆಯ ದಾಖಲೆ ಇರಬೇಕು. ನಿಮ್ಮ ಮನೆತನಕ್ಕೆ ಗೊತ್ತಿರುವುದನ್ನು ಹೊರಗಿನವರ ಕೈಗೆ ಕೊಡುವ ಮೊದಲು ಸಮಿತಿಯವರೊಡನೆ ಮಾತನಾಡಿ, ಯಾವುದನ್ನು ಬರೆಸಬೇಕು, ಯಾವುದನ್ನು ಗುಟ್ಟಾಗಿ ಇಡಬೇಕು ಎಂದು ತೀರ್ಮಾನಿಸಿ. ನಾಳೆ ಅದರಿಂದ ಯಾರಿಗಾದರೂ ಲಾಭ ಬಂದರೆ ಊರಿಗೂ ಪಾಲು ಕೇಳಲು ಅದು ಆಧಾರ. ಸ್ಥಳೀಯ ವೈದ್ಯರು ತಮ್ಮ ವೃತ್ತಿಗೆ ಗಿಡಮೂಲಿಕೆ ಬಳಸುವುದಕ್ಕೆ ಈ ಕಾಯಿದೆ ಅಡ್ಡಿ ಮಾಡುವುದಿಲ್ಲ.

ಇಷ್ಟಾದ ಮೇಲೆ ನಿಮಗೆ ಹತ್ತಿರದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಮತ್ತು ರಸಾಯನಶಾಸ್ತ್ರ ವಿಭಾಗಗಳಿವೆ, ವೈಜ್ಞಾನಿಕ ಉಪಕರಣ ಕೇಂದ್ರವೂ ಇದೆ. ಮೊದಲು ಕಾಗದ ಬರೆದು ವಿಚಾರಿಸಿ, ಆಮೇಲೆ ಹೋಗಿ. ಹೋಗುವಾಗ ಚೀಲ ಹೊತ್ತುಕೊಂಡು ಹೋಗಬೇಡಿ. ಒಣಗಿಸಿದ ರೆಂಬೆ, ನಿಮ್ಮ ಟಿಪ್ಪಣಿ, ಮತ್ತು ಅವರು ಕೇಳಿದರೆ ಒಂದು ಹಿಡಿ ಬೇರು, ಅಷ್ಟು ಸಾಕು. ಉಳಿದ ಬೇರು ಮಣ್ಣಿನಲ್ಲೇ ಇರಲಿ. ಬರುವ ಮಳೆಗೆ ಅದು ಚಿಗುರಬೇಕಲ್ಲ.